ಅಕ್ಕೋರ ಕಪಾಟಿನ ಶೇಂಗಾ ಡಬ್ಬಿ

2009ರ ದೀಪಾವಳಿ ಮುಗಿಸಿ ಶಾಲೆಗೆ ಬಂದಾಗ ಐದನೆಯ ತರಗತಿಯ ಕೋಣೆ ಬ್ಲೀಚಿಂಗ್ ಪೌಡರ್ ನಾರುತ್ತಿತ್ತು. ರಜೆಯಲ್ಲಿ ನಮ್ಮ ಶಾಲೆ ಗಂಜಿ ಕೇಂದ್ರವಾಗಿತ್ತು. ಆ ವರ್ಷ ಬನ್ನಿ ಕೊಟ್ಟು ‘ಬಂಗಾರದಂಗ ಇರೋಣು’ ಎಂದು ಎರಡು ದಿನ ಕಳೆದಿರಲಿಲ್ಲ, ಮಳೆ ಹಿಡಿಯಿತು. ಮಲಪ್ರಭೆ, ಬೆಣ್ಣೆಹಳ್ಳ, ಅತ್ತ ಭೀಮಾ, ತುಂಗಭದ್ರಾ ಎಲ್ಲ ಒಮ್ಮೆಲೇ ಮೇಲೆದ್ದವು. ಮಂತ್ರಾಲಯದ ಮಠಕ್ಕೂ ನೀರು ಹೊಕ್ಕಿತು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಹೋದರು. ಸೀಗಿ ಹುಣ್ಣಿಮೆಗೆ ಚರಗ ಚೆಲ್ಲಬೇಕೆಂದರೆ ಹೊಳೆದಂಡೆಯ ಎಷ್ಟೋ ಊರುಗಳಿಗೆ ಹೊಲವೇ ಕಾಣುತ್ತಿರಲಿಲ್ಲ.

ಅಂಥ ಒಂದು ಊರಿನಿಂದ ಬಂದವಳು ಅವಳು. ನಾವೆಲ್ಲ ‘ಹೊಸಾಕಿ’ ಎನ್ನುತ್ತಿದ್ದೆವು. ಬರೆಯಲೇ ಎಂದು ಕಳೆದ ವಾರ ಫೋನ್ ಮಾಡಿ ಕೇಳಿದೆ. ‘ಹೆಸರ ಹಾಕಬ್ಯಾಡ, ಊರ ಹಾಕಬ್ಯಾಡ, ಉಳಿದದ್ದ ಬರಿ’ ಎಂದಳು. ಹಾಗಾಗಿ ಇಲ್ಲಿಯೂ ಹೊಸಾಕಿಯೇ.

ಅವರದು ಮಣ್ಣಿನ ಮೇಲ್ಮುದ್ದಿ ಮನೆ. ನೆನೆದು ನೆನೆದು ಒಂದು ರಾತ್ರಿ ಕುಸಿಯಿತು. ಅವ್ವ ಮತ್ತು ತಮ್ಮ ಅದರಡಿ ಉಳಿದರು. ಇವಳು ಬಾಗಿಲ ಹತ್ತಿರ ಮಲಗಿದ್ದಳು. ಅಪ್ಪ ಗೋವಾಕ್ಕೆ ದುಡಿಯಲು ಹೋದವನು, ಬಂದ, ಅತ್ತ, ಮತ್ತೆ ಗೋವಾಕ್ಕೆ ಹೋದ. ಊರಿನವರು ಸರ್ಕಾರದ ‘ಆಸರೆ’ ಯೋಜನೆಯ ಮನೆಗಳು ಏಳುವುದನ್ನು ಕಾಯುತ್ತ ತಗಡಿನ ಶೆಡ್ಡಿನಲ್ಲಿದ್ದರು. ಇವಳನ್ನು ಚಿಗವ್ವ ನಮ್ಮೂರಿಗೆ ಕರೆತಂದಿದ್ದಳು.

ಹೊಸಾಕಿ ಮಾತಾಡುತ್ತಿರಲಿಲ್ಲ. ಬೆನ್ನಿನ ಪಾಟಿಚೀಲ ಇಳಿಸುತ್ತಿರಲಿಲ್ಲ. ಬಾಗಿಲ ಪಕ್ಕದ ನೆಲ ಬಿಟ್ಟು ಬೇರೆಲ್ಲೂ ಕೂಡುತ್ತಿರಲಿಲ್ಲ. ಬಿಸಿಯೂಟದ ಅನ್ನವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಪುಸ್ತಕಗಳ ನಡುವೆ ಇಡುತ್ತಿದ್ದಳು. ಎರಡು ದಿನಕ್ಕೆ ಅದು ಹಳಸಿ ಇಡೀ ಕೋಣೆ ಮೂಗು ಮುಚ್ಚಿಕೊಳ್ಳುತ್ತಿತ್ತು. ಹುಡುಗರು ‘ಹಳಸಲ ಗಂಟು’ ಎಂದು ಕೂಗಿದರು. ನಾನೂ ಕೂಗಿದ್ದೇನೆ. ಅದನ್ನು ಬಿಟ್ಟು ಬರೆದರೆ ಈ ಲೇಖನ ಸುಳ್ಳಾಗುತ್ತದೆ.

ಅಕ್ಕೋರು ನಮ್ಮನ್ನು ಬೈಯಲಿಲ್ಲ, ಅವಳ ಚೀಲ ತಪಾಸಣೆಯನ್ನೂ ಮಾಡಲಿಲ್ಲ. ಮರುದಿನ ಒಂದು ಸ್ಟೀಲಿನ ಡಬ್ಬಿ ತಂದರು. ಅದರ ತುಂಬ ಹುರಿದ ಶೇಂಗಾ, ಮೇಲೆ ಎರಡು ಹೆಂಟೆ ಬೆಲ್ಲ. ತಮ್ಮ ಕಪಾಟಿನ ಕೆಳಗಿನ ಅರೆಯಲ್ಲಿ ಇಟ್ಟು ಕೀಲಿ ಹಾಕಿ, ಕೀಲಿಕೈಯನ್ನು ದಾರಕ್ಕೆ ಪೋಣಿಸಿ ಅವಳ ಮುಂದೆ ನೆಲದ ಮೇಲೆ ಇಟ್ಟರು. ‘ಇದು ನಿಂದು. ಬೇಕಾದಾಗ ತಗೀ. ಯಾರೂ ಕೇಳೂದಿಲ್ಲ.’ ಅವಳು ಕೊರಳಿಗೆ ಹಾಕಿಕೊಂಡಳು. ಮೊದಲ ವಾರ ದಿನಕ್ಕೆ ಹತ್ತು ಸಲ ಕಪಾಟು ತೆಗೆದಳು. ತಿನ್ನುತ್ತಿರಲಿಲ್ಲ, ಡಬ್ಬಿ ಅಲ್ಲೇ ಇದೆಯೋ ಇಲ್ಲವೋ ನೋಡಿ ಬರುತ್ತಿದ್ದಳು, ಅಷ್ಟೇ. ಪಾಠದ ನಡುವೆ ಕೀಲಿಯ ಸದ್ದಾದರೂ ಅಕ್ಕೋರು ಮಗ್ಗಿ ನಿಲ್ಲಿಸುತ್ತಿರಲಿಲ್ಲ. ನನಗಂತೂ ಹೊಟ್ಟೆ ಉರಿಯುತ್ತಿತ್ತು. ಮಾನಿಟರ್ ನಾನು, ಕಪಾಟಿನ ಕೀಲಿ ಅವಳ ಬಳಿ!

ಹಾಜರಿ ಹಾಕುವಾಗ ಅವಳ ಹೆಸರು ಬಂದರೆ ಕೋಣೆ ಸುಮ್ಮನಾಗುತ್ತಿತ್ತು. ಅಕ್ಕೋರು ಒಮ್ಮೆ ಕಣ್ಣೆತ್ತಿ ನೋಡಿ, ‘ಬಂದಾಳ’ ಎಂದು ತಾವೇ ಬರೆದುಕೊಂಡು ಮುಂದಿನ ಹೆಸರಿಗೆ ಹೋಗುತ್ತಿದ್ದರು. ಸಂಜೆ ಗಂಟೆ ಹೊಡೆಯುವ ಮೊದಲು ಎಲ್ಲರಿಗೂ ಕೇಳುವಂತೆ, ‘ನಾ ಈಗ ಐದರ ಬಸ್ಸಿಗೆ ಹೋಗ್ತೀನಿ. ನಾಳೆ ಒಂಬತ್ತೂವರೆಕ್ಕ ಬರ್ತೀನಿ.’ ನಮಗೇಕೆ ಇದನ್ನೆಲ್ಲ ಹೇಳುತ್ತಾರೆ ಎಂದು ನಗುತ್ತಿದ್ದೆವು. ಆದರೆ ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆಲ್ಲ ಹೊಸಾಕಿ ಗೇಟಿನ ಹತ್ತಿರ ನಿಂತಿರುವುದನ್ನು ನಾನು ಗಮನಿಸಿದ್ದೆ. ‘ನಾ ಯಾವಾಗ್ಲೂ ನಿನ್ನ ಜೋಡಿ ಇರ್ತೀನಿ’ ಎಂಬಂಥ ಮಾತು ಅವರ ಬಾಯಿಂದ ಬಂದದ್ದೇ ಇಲ್ಲ.

ನನಗೊಂದು ಕೆಲಸ ಹಚ್ಚಿದರು. ಅವಳ ಪಕ್ಕ ಕೂಡಬೇಕು, ಏನೂ ಕೇಳಬಾರದು. ವಾಚಾಳಿಯಾದ ನನಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ. ಸುಮ್ಮನೆ ಕೂಡಲಾರದೆ ಒಬ್ಬಳೇ ಐದು ಕಲ್ಲಿನ ಆಟ ಆಡತೊಡಗಿದೆ. ಕೆಲವು ದಿನ ನೋಡಿದಳು. ಆಮೇಲೆ ಒಂದು ದಿನ ಕೈ ಚಾಚಿದಳು. ಒಂದು ಸರದಿ ನನ್ನದು, ಒಂದು ಅವಳದು. ಸಂಕ್ರಾಂತಿ ಕಳೆದಿತ್ತು ಎಂದು ನೆನಪು, ಆಡುತ್ತಿದ್ದಾಗ ಇದ್ದಕ್ಕಿದ್ದಂತೆ, ‘ಸುಳ್ಳ! ನಿನ್ನ ಕೈಗೆ ಕಲ್ಲ ತಾಗೇತಿ’ ಎಂದಳು.

ನಾನು ಕಲ್ಲು ಬಿಸಾಕಿ ಓಡಿದೆ. ‘ಅಕ್ಕೋರ, ಹೊಸಾಕಿ ಮಾತಾಡಿದ್ಳರೀ!’ ಅವರು ಪಟ್ಟಿ ತಿದ್ದುತ್ತಿದ್ದರು. ತಲೆ ಎತ್ತಲಿಲ್ಲ. ‘ಹೌದ? ತಾಗಿತ್ತೋ ಇಲ್ಲೋ, ಅದನ್ನ ಹೇಳ.’ ತಾಗಿತ್ತು.

ಇದಿಷ್ಟರಿಂದಲೇ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ರಾತ್ರಿ ಅವಳು ಚೀರಿ ಏಳುತ್ತಿದ್ದಳು, ಹಾಸಿಗೆ ಒದ್ದೆಯಾಗುತ್ತಿತ್ತು. ಡಾಕ್ಟರಿಗೆ ತೋರಿಸೋಣ ಎಂದರೆ ಚಿಗವ್ವ, ‘ಧಾರವಾಡಕ್ಕ ಒಯ್ಯಾಕ ಕೂಸಿಗೇನ ಹುಚ್ಚ ಹಿಡದೈತೇನ್ರಿ?’ ಎಂದು ಜಗಳಕ್ಕೇ ಬಂದಳು. ನಮ್ಮ ಕಡೆ ‘ಧಾರವಾಡಕ್ಕ ಕಳಸೂದು’ ಎಂದರೆ ಏನರ್ಥ ಎಂದು ನಿಮಗೆ ಹೇಳಬೇಕಿಲ್ಲ. ಅಕ್ಕೋರು ರಜೆ ಹಾಕಿ, ಚಿಗವ್ವನನ್ನೂ ಹೊರಡಿಸಿ, ಮೂವರೂ ಬಸ್ಸು ಹತ್ತಿದರು. ಹೀಗೆ ಎಷ್ಟು ಸಲ ಹೋದರೋ ನನಗೆ ತಿಳಿಯದು. ಬರುವಾಗ ಒಮ್ಮೆ ನನಗೂ ಪೇಢೆ ತಂದಿದ್ದರು.

ಅಕ್ಕೋರೂ ತಪ್ಪಿದರು. ಆ ಫೆಬ್ರುವರಿಯಲ್ಲಿ ಒಂದು ಸಂಜೆ ಎಂದಿನಂತೆ ‘ನಾಳೆ ಬರ್ತೀನಿ’ ಎಂದು ಹೋದವರಿಗೆ ರಾತ್ರಿ ತರಬೇತಿಯ ಹುಕುಂ ಬಂತು; ಮೂರು ದಿನ ಬರಲಿಲ್ಲ. ಹೊಸಾಕಿ ಮೊದಲ ದಿನ ಗೇಟಿನಲ್ಲಿ ನಿಂತಳು. ಎರಡನೆಯ ದಿನ ಚೀಲ ಬೆನ್ನಿಗೇರಿತು, ಮತ್ತೆ ಬಾಗಿಲ ಪಕ್ಕ, ಡಬ್ಬಿಯ ಶೇಂಗಾ ಪೂರ್ತಿ ಚೀಲಕ್ಕೆ. ತಿಂಗಳುಗಟ್ಟಲೆ ಮಾಡಿದ್ದು ಎರಡೇ ದಿನದಲ್ಲಿ ನೀರಿಗೆ ಹೋಯಿತಲ್ಲ ಎಂದು ನನಗೂ ಅಳು ಬಂತು. ಅಕ್ಕೋರು ಬಂದವರೇ ಖುರ್ಚಿಗೆ ಹೋಗದೆ ಅವಳೆದುರು ನೆಲಕ್ಕೆ ಕೂತರು. ‘ನಾ ಹೇಳದ ಹೋದೆ. ನಂದs ತಪ್ಪಾತು. ನೀ ಕಾದಿದ್ದಿ ಅಂತ ಗೊತ್ತೈತಿ.’ ದೊಡ್ಡವರು ಮಕ್ಕಳಿಗೆ ತಪ್ಪಾಯಿತು ಎನ್ನುವುದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅವಳು ಮುಖ ತಿರುಗಿಸಿದಳು. ಅಕ್ಕೋರು ಎದ್ದು ಡಬ್ಬಿ ತುಂಬಿಸಿಟ್ಟು ಹಾಜರಿ ತೆಗೆದರು. ‘ಬಂದಾಳ.’ ನಾಲ್ಕೈದು ದಿನ ಹೀಗೇ ಆಯಿತು. ಆಮೇಲೊಂದು ಬೆಳಿಗ್ಗೆ, ಯಾರೂ ಎದುರು ನೋಡದಿದ್ದಾಗ, ಬಾಗಿಲ ಕಡೆಯಿಂದ ‘ಹಾಜರ್ರೀ’ ಬಂತು. ತಪ್ಪು ಮಾಡದವರಿಗಿಂತ ತಪ್ಪು ಮಾಡಿ ತಿರುಗಿ ಬಂದವರನ್ನು ಅವಳು ಹೆಚ್ಚು ನಂಬಿದಳೇನೋ ಎಂದು ಈಗ ಅನಿಸುತ್ತದೆ.

ಮುಂದೆ ನಾನು ಸಮಾಜಕಾರ್ಯ ಓದಿ ಮಕ್ಕಳ ಜೊತೆಗಿನ ಕೆಲಸಕ್ಕೇ ಸೇರಿದೆ. ಒಂದು ತರಬೇತಿಯಲ್ಲಿ ಮಿದುಳಿನೊಳಗೆ ಅಪಾಯ ಕಂಡರೆ ಎಚ್ಚರಿಸುವ ಅಮಿಗ್ಡಲಾ ಎಂಬ ಭಾಗದ ಬಗ್ಗೆ ಹೇಳಿದರು. ಗ್ರೀಕಿನಲ್ಲಿ ಆ ಪದಕ್ಕೆ ಬಾದಾಮಿ ಎಂದೇ ಅರ್ಥವಂತೆ. ನಮ್ಮ ತಾಲ್ಲೂಕಿನ ಹೆಸರೇ ಅಲ್ಲವೇ ಎಂದು ನಗು ಬಂತು. ಭಾರಿ ಪೆಟ್ಟು ತಿಂದ ಮಗುವಿನಲ್ಲಿ ಆ ಬಾದಾಮಿ ಸಣ್ಣ ಸದ್ದಿಗೂ ಗಂಟೆ ಹೊಡೆಯುತ್ತದೆ. ‘ಹೆದರಬ್ಯಾಡ’ ಎಂದರೆ ಅದು ಕೇಳುವುದಿಲ್ಲ. ಹೇಳಿದ್ದು ಹೇಳಿದಂತೆ, ದಿನವೂ, ನಡೆಯುತ್ತಿರಬೇಕು. ಐದರ ಬಸ್ಸಿನ ಮಾತು ನೆನಪಾಗಿ ನಾನು ನೋಟ್ಸ್ ಬರೆಯುವುದನ್ನು ನಿಲ್ಲಿಸಿದೆ.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಮತ್ತೆ ಬಂತು. ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲೂ ನೀರು. ಆಗಿನ್ನೂ ಓದುತ್ತಿದ್ದ ನಾನು ಒಂದು ಗಂಜಿ ಕೇಂದ್ರದಲ್ಲಿದ್ದೆ. ಒಬ್ಬರು ಎಂಟು ವರ್ಷದ ಹುಡುಗನ ಬಾಯಿಗೆ ಮೈಕು ಹಿಡಿದು ‘ಮನಿ ಬಿದ್ದಾಗ ಏನ ಅನಸ್ತು, ಹೇಳ ಪುಟ್ಟ’ ಎನ್ನುತ್ತಿದ್ದರು. ಅಡ್ಡ ನಿಂತು ಜಗಳ ಮಾಡಿದೆ. ಸಂಕಟದಲ್ಲಿರುವವರನ್ನು ಆದದ್ದನ್ನು ಹೇಳೆಂದು ಒತ್ತಾಯಿಸಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲೇ ಕೈಪಿಡಿ ಹೊರಡಿಸಿದೆ. ನನಗೆ ಆ ಕೈಪಿಡಿ ಆಗ ಗೊತ್ತಿರಲಿಲ್ಲ, ಅಕ್ಕೋರು ಗೊತ್ತಿದ್ದರು. ಇಂದು ಇಂಥ ಮಗು ಯಾವ ಶಿಕ್ಷಕರ ತರಗತಿಯಲ್ಲಿದ್ದರೂ 14416ಕ್ಕೆ, ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ-ಮಾನಸ್‌ಗೆ, ಕನ್ನಡದಲ್ಲೇ ಫೋನ್ ಮಾಡಿ ಕೇಳಬಹುದು. ಅಕ್ಕೋರಿಗೆ ಆ ಅನುಕೂಲವೂ ಇರಲಿಲ್ಲ.

ಏಳನೆಯ ತರಗತಿಯ ಕಡೆಯ ದಿನ ಅಕ್ಕೋರು ಕಪಾಟು ಖಾಲಿ ಮಾಡುತ್ತಿದ್ದರು. ನಾವಿಬ್ಬರೂ ಪುಸ್ತಕ ಹೊರುತ್ತಿದ್ದೆವು. ಕೆಳಗಿನ ಅರೆಗೆ ಬಂದಾಗ, ‘ಕೀಲಿ ಎಲ್ಲೈತಿ?’ ಎಂದರು. ಹೊಸಾಕಿ ಕೊರಳು ಮುಟ್ಟಿ ನೋಡಿಕೊಂಡಳು, ದಾರ ಇರಲಿಲ್ಲ. ಯಾವಾಗ ಬಿಚ್ಚಿಟ್ಟಳೋ ಅವಳಿಗೂ ನೆನಪಿಲ್ಲ. ಕಡೆಗೆ ಸಿಪಾಯಿ ಬಂದು ಕೀಲಿ ಮುರಿದ. ಡಬ್ಬಿಯಲ್ಲಿ ಶೇಂಗಾಕ್ಕೆ ಹುಳ ಬಿದ್ದು ಪುಡಿಯಾಗಿತ್ತು, ಬೆಲ್ಲ ಕರಗಿ ತಳಕ್ಕೆ ಅಂಟಿತ್ತು.

‘ಅಯ್ಯ, ಮರತs ಬಿಟ್ಟಿದ್ನರೀ’ ಎಂದು ಬಾಯಿಗೆ ಕೈ ಅಡ್ಡ ಹಿಡಿದಳು.

ಅಕ್ಕೋರು ಏನೂ ಹೇಳಲಿಲ್ಲ. ಡಬ್ಬಿಯನ್ನು ನಳದ ಹತ್ತಿರ ಒಯ್ದು, ಬೂದಿ ಹಚ್ಚಿ ಬಹಳ ಹೊತ್ತು ತಿಕ್ಕಿ, ಕಟ್ಟೆಯ ಮೇಲೆ ಬಿಸಿಲಿಗೆ ಬೋರಲು ಹಾಕಿದರು.