ಕಂಪ್ಲಿಯಲ್ಲಿ ಬಿಚ್ಚಿದ ಪೇಟಿ

ಇಂದು ಬೆಳಿಗ್ಗೆ ಬಳ್ಳಾರಿಯಿಂದ ಆನೆಗೊಂದಿ ಉತ್ಸವಕ್ಕೆ ಹೊರಟ ನಮ್ಮ ನಾಟಕ ತಂಡದ ಟೆಂಪೊದಲ್ಲಿ ಕಿಟಕಿ ಪಕ್ಕದ ಜಾಗ ಸಿಕ್ಕಿದ್ದು ಕೌದಿಯಲ್ಲಿ ಸುತ್ತಿದ್ದ ಪೇಟಿಗೆ, ಅಂದರೆ ಹಾರ್ಮೋನಿಯಂಗೆ. ಕುರುಗೋಡು ದಾಟುವವರೆಗೂ ಹುಡುಗರು ಮಾತು ಒಪ್ಪಿಸುತ್ತಲೇ ಇದ್ದರು.

ಕಂಪ್ಲಿಯಲ್ಲಿ ಚಹಾಕ್ಕೆ ಇಳಿದಾಗ ತಂಡದ ಪೇಟಿ ಮಾಸ್ತರು ಅದನ್ನು ನುಡಿಸಿ ನೋಡಿದರು, ಪಂಚಮ ಸ್ವರ ನುಡಿಯಲಿಲ್ಲ. ಎಪ್ಪತ್ತು ದಾಟಿದ ಅವರು ಗಾಬರಿಯಾಗದೆ ಹೋಟೆಲಿನ ಕಟ್ಟೆಯ ಮೇಲೆಯೇ ಪೇಟಿ ಬಿಚ್ಚಿ, ಹಿತ್ತಾಳೆಯ ರೀಡಿನ ಸಂದಿನಲ್ಲಿ ಸಿಕ್ಕಿದ್ದ ಕೂದಲೆಳೆಯಷ್ಟು ಕಸವನ್ನು ತೆಳು ಕಾಗದದ ತುದಿಯಿಂದ ಮೆಲ್ಲಗೆ ಎತ್ತಿ ತೆಗೆದರು. “ಇದಕ್ಕೂ ಉಸಿರಾಡಾಕ ಜಾಗ ಬೇಕಲ್ಲಪ್ಪ ತಮ್ಮಾ” ಎಂದರು.

ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಮುಳುಗಿ ನಮ್ಮ ದಾರಿಯನ್ನೇ ಕಡಿಯುವ ತುಂಗಭದ್ರೆಯ ಸೇತುವೆಯನ್ನು ದಾಟುವಾಗ ಅವರು ಅದೇ ಪಂಚಮವನ್ನು ಉದ್ದಕ್ಕೆ ಹಿಡಿದರು. ಹುಡುಗರು ತಾವಾಗಿಯೇ ಸುಮ್ಮನಾದರು. 1946ರಲ್ಲಿ ತೀರಿಕೊಂಡ ರಂಗನಟ ಬಳ್ಳಾರಿ ರಾಘವರ ಊರಿನವರೆಂದು ನಾವು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ರಂಗದ ಪಕ್ಕದಲ್ಲಿ ಕೂತು ನಟರಿಗೆ ಸ್ವರ ಕೊಟ್ಟವರ ಹೆಸರನ್ನು ಒಮ್ಮೆಯೂ ಕೇಳಲಿಲ್ಲವಲ್ಲ ಎಂದು ಮನಸ್ಸು ಭಾರವಾಯಿತು.

ಇಂದು ರಾತ್ರಿ ಪಾತ್ರಪರಿಚಯದಲ್ಲಿ ಮಾಸ್ತರ ಹೆಸರನ್ನೇ ಮೊದಲು ಹೇಳುವುದೆಂದು ಗಂಗಾವತಿ ಮುಟ್ಟುವಷ್ಟರಲ್ಲಿ ಎಲ್ಲರೂ ಒಪ್ಪಿದ್ದೇವೆ. ಅವರಿಗೆ ಇನ್ನೂ ತಿಳಿಸಿಲ್ಲ.