ಒಂದು ತೊಟ್ಟು ಎಣ್ಣೆ ಹೆಚ್ಚಾದರೆ

ಮಹಾಲಯ ಅಮಾವಾಸ್ಯೆ ಹತ್ತಿರ ಬಂತೆಂದರೆ ನಮ್ಮ ಸೈಕಲ್ ಶಾಪಿಗೆ ಏರ್ ಗನ್‌ಗಳು ಬರಲು ಶುರು. ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ, ಆಮೇಲೆ ಸುತ್ತೂರು, ಚುಂಚನಕಟ್ಟೆ ಜಾತ್ರೆಗಳಲ್ಲಿ ಬಲೂನು ಹೊಡೆಸುವವರು ಮಂಡ್ಯದ ಗುತ್ತಲು ರಸ್ತೆಗೆ ಹುಡುಕಿಕೊಂಡು ಬರುತ್ತಾರೆ. ಈ ವಾರ ಐದು ಬಂದಿವೆ. ಐದರಲ್ಲಿ ಮೂರಕ್ಕೆ ಒಂದೇ ರೋಗ: ಎಣ್ಣೆ ಕುಡಿಸಿದ್ದಾರೆ.

ಅವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಸೈಕಲ್ ಪಂಪಿನ ಚರ್ಮದ ವಾಷರ್ ಒಣಗಿದರೆ ಕೊಬ್ಬರಿ ಎಣ್ಣೆ ಸವರಿ ಮೆತ್ತಗೆ ಮಾಡುವುದನ್ನು ಅಪ್ಪ ನನಗೆ ಕಲಿಸಿದ್ದರು. ಗನ್ನಿನ ಒಳಗೂ ಪಂಪಿನಂಥದ್ದೇ ಕೊಳವೆ, ಪಿಸ್ಟನ್, ಅದರ ತುದಿಗೆ ವಾಷರ್. ಹಾಗಾಗಿ ಮೊದಲ ಗನ್ ರಿಪೇರಿಗೆ ಬಂದಾಗ ಬ್ಯಾರಲ್ಲಿಗೆ ಗಾಳಿ ನುಗ್ಗುವ ತೂತಿಗೆ ಹೊಲಿಗೆ ಮಷಿನ್ ಎಣ್ಣೆ ಧಾರಾಳವಾಗಿ ಬಿಟ್ಟೆ. ಟ್ರಿಗರ್ ಒತ್ತಿದರೆ ಪಟಾಕಿ ಸದ್ದು, ಬ್ಯಾರಲ್ ಬಾಯಲ್ಲಿ ನೀಲಿ ಹೊಗೆ. "ಏನ್ ಪವರ್ ಬಂತಣ್ಣೋ!" ಅಂತ ಗನ್ನಿನ ಯಜಮಾನ ಹಿಗ್ಗಿಹೋದ. ನಾಲ್ಕೇ ದಿನಕ್ಕೆ, ಜಾತ್ರೆ ನಡುವೆ, ಸ್ಪ್ರಿಂಗ್ ಎರಡು ತುಂಡು. ಬಿಚ್ಚಿ ನೋಡಿದೆ. ವಾಷರಿನ ಅಂಚು ಸೀದ ರೊಟ್ಟಿಯಂತೆ ಕರ್ರಗಾಗಿತ್ತು, ಉಗುರು ತಾಗಿಸಿದರೆ ಪುಡಿ ಉದುರುತ್ತಿತ್ತು. ಆತನ ಎರಡು ದಿನದ ಸಂಪಾದನೆ ಹೋಯಿತು. ಹೊಸ ಸ್ಪ್ರಿಂಗ್ ಹಾಕಿಕೊಟ್ಟೆ, ಕಾಸು ಮುಟ್ಟಲಿಲ್ಲ. ಆ ಸಂಕಟ ಇವತ್ತಿಗೂ ಹೋಗಿಲ್ಲ.

ಆಗಿದ್ದೇನೆಂದು ಅರ್ಥವಾಗಿದ್ದು ಗದ್ದೆಯ ಬದಿಯಲ್ಲಿ. ಡೀಸೆಲ್ ಪಂಪ್‌ಸೆಟ್ಟಿಗೆ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಗಾಳಿಯನ್ನು ಗಟ್ಟಿಯಾಗಿ ಅದುಮಿದಾಗ ಹುಟ್ಟುವ ಕಾವಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದೂ ಇದರಿಂದಲೇ. ಗನ್ನಿನ ಬ್ಯಾರಲ್ ಮಡಚಿದರೆ ಸ್ಪ್ರಿಂಗು ಅದುಮಿಕೊಂಡು ಕೊಕ್ಕೆಗೆ ಸಿಕ್ಕಿ ನಿಲ್ಲುತ್ತದೆ. ಟ್ರಿಗರ್ ಒತ್ತಿದರೆ ಅದು ಪಿಸ್ಟನ್ನನ್ನು ರೆಪ್ಪೆ ಬಡಿಯುವುದಕ್ಕಿಂತ ಬೇಗ ನೂಕುತ್ತದೆ, ಒಳಗಿನ ಗಾಳಿ ನೂರಾರು ಡಿಗ್ರಿ ಕಾಯುತ್ತದೆ. ಅಲ್ಲಿ ಎಣ್ಣೆ ನಿಂತಿದ್ದರೆ ಸಿಡಿಯದೆ ಇನ್ನೇನು? ಆ ಸಿಡಿತ ಪಿಸ್ಟನ್ನನ್ನು ಹಿಂದಕ್ಕೆ ಒದೆಯುತ್ತದೆ, ಪೆಟ್ಟು ತಿನ್ನುವುದು ಸ್ಪ್ರಿಂಗು.

ಈಗ ನಾನು ಮಾಡುವುದು ಇಷ್ಟು. ಚರ್ಮದ ವಾಷರ್ ಇದ್ದರೆ ಮಾತ್ರ ಸಿಲಿಕಾನ್ ಎಣ್ಣೆ, ಎರಡೇ ತೊಟ್ಟು. ಅದು ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಸ್ಪ್ರಿಂಗ್ ಕೊಕ್ಕೆಗೆ ಬೀಳುವಷ್ಟು ಮಡಚದೆ, ತೂತು ಕಾಣುವಷ್ಟೇ ಬ್ಯಾರಲ್ ಬಾಗಿಸಿ ಎಣ್ಣೆ ಬಿಟ್ಟು, ಮುಚ್ಚಿ, ಬ್ಯಾರಲ್ ಮೇಲಾಗಿ ರಾತ್ರಿಯೆಲ್ಲ ನಿಲ್ಲಿಸುತ್ತೇನೆ. ಬೆಳಗ್ಗೆ ಹೊತ್ತಿಗೆ ಚರ್ಮ ಎಣ್ಣೆ ಹೀರಿಕೊಂಡಿರುತ್ತದೆ. ಪ್ಲಾಸ್ಟಿಕ್ ಥರದ ಹೊಸ ಸೀಲ್ ಇದ್ದರೆ ತೂತಿಗೆ ಏನನ್ನೂ ಬಿಡುವುದಿಲ್ಲ.

ಹಾಗಂತ ಸಿಲಿಕಾನ್ ಎಣ್ಣೆಯನ್ನೇ ಎಲ್ಲ ಕಡೆ ಬಳಿಯಬಾರದು. ಕಬ್ಬಿಣಕ್ಕೆ ಕಬ್ಬಿಣ ಉಜ್ಜುವಲ್ಲಿ ಅದು ತಡೆಯುವುದಿಲ್ಲ. ಅಲ್ಲಿಗೆ ಮಾಲಿಬ್ಡಿನಂ ಗ್ರೀಸ್, ಆಟೋ ಸ್ಪೇರ್ ಅಂಗಡಿಯಲ್ಲಿ ಸಿಗುವ ಕರಿ ಗ್ರೀಸು. ಬ್ಯಾರಲ್ ಮಡಚುವ ಬೋಲ್ಟಿಗೆ, ಪಿಸ್ಟನ್ ಎಳೆಯುವ ಸಲಾಕೆಗೆ, ಸ್ಪ್ರಿಂಗ್ ಒಳಗಿನ ಕಡ್ಡಿಗೆ, ಪಿಸ್ಟನ್ನಿನ ಹಿಂಭಾಗಕ್ಕೆ ಬೆರಳಲ್ಲಿ ಸವರಿ, ಬಟ್ಟೆಯಲ್ಲಿ ಒರೆಸಿದ ಮೇಲೆ ಉಳಿಯುವಷ್ಟೇ ಸಾಕು. ಪಿಸ್ಟನ್ನಿನ ಮುಂದಕ್ಕೆ ಒಂದು ಚೂರೂ ಹೋಗಕೂಡದು. ಸ್ಪ್ರಿಂಗ್ ಬಿಚ್ಚಲು ಮಾತ್ರ ದಯವಿಟ್ಟು ಬರಿಗೈ ಹಾಕಬೇಡಿ, ಒಳಗೆ ಅದುಮಿಕೊಂಡೇ ಕೂತಿರುತ್ತದೆ. ಆಂಗಲ್ ಕಬ್ಬಿಣಕ್ಕೆ ಉದ್ದ ಸ್ಕ್ರೂ ಬೆಸುಗೆ ಹಾಕಿಸಿ ಒಂದು ಚೌಕಟ್ಟು ಮಾಡಿಸಿಕೊಂಡಿದ್ದೇನೆ, ಅದಿಲ್ಲದೆ ಬಿಚ್ಚುವುದಿಲ್ಲ.

ಗನ್ ಸೊರಗಿದೆ ಅಂತ ಬಂದರೆ ಮೊದಲು ನೋಡುವುದು ಬ್ಯಾರಲ್ ಬುಡದ ರಬ್ಬರ್ ರಿಂಗು. ಕೂಡುವ ಜಾಗದ ಸುತ್ತ ಮುಖದ ಪೌಡರ್ ಉದುರಿಸಿ ಒಂದು ಗುಂಡು ಹೊಡೆಯುತ್ತೇನೆ. ಪೌಡರ್ ಹಾರಿದರೆ ಗಾಳಿ ಅಲ್ಲೇ ಸೋರುತ್ತಿದೆ. ಎಷ್ಟೋ ಸಲ ಆ ರಿಂಗ್ ಬದಲಿಸಿದರೆ ಕೆಲಸ ಮುಗಿಯಿತು. ಮರದ ಹಿಡಿಯ ಸ್ಕ್ರೂಗಳನ್ನು ದಿನಾ ಬಿಗಿ ಮಾಡಬೇಕು. ಈ ಗನ್ ಮೊದಲು ಹಿಂದಕ್ಕೆ, ಮರುಕ್ಷಣ ಮುಂದಕ್ಕೆ ಜಗ್ಗುವುದರಿಂದ ಅವು ಸಡಿಲವಾಗುತ್ತಲೇ ಇರುತ್ತವೆ.

ಬಲೂನಿನವರಿಗೆ ಮೂರು ಮಾತು ಹೇಳಿ ಹೇಳಿ ಸಾಕಾಗಿದೆ, ಆದರೂ ಬಿಡುವುದಿಲ್ಲ. ಪೆಲೆಟ್, ಅಂದರೆ ಗನ್ನಿನ ಸಣ್ಣ ಗುಂಡು, ಇಲ್ಲದೆ ಹೊಡೆಯಲು ಯಾರಿಗೂ ಬಿಡಬೇಡಿ: ಪೆಲೆಟ್ ತಡೆದ ಗಾಳಿಯೇ ಪಿಸ್ಟನ್ನಿಗೆ ಮೆತ್ತೆ, ಅದಿಲ್ಲದಿದ್ದರೆ ಪಿಸ್ಟನ್ ಹೋಗಿ ಕಬ್ಬಿಣಕ್ಕೇ ಗುದ್ದುತ್ತದೆ. ಗಿರಾಕಿ ಬರಲೆಂದು ಸ್ಪ್ರಿಂಗ್ ಎಳೆದಿಟ್ಟು ಕಾಯಬೇಡಿ. ಪೆಲೆಟ್ ತುಂಬುವಾಗ ಒಂದು ಕೈ ಬ್ಯಾರಲ್ ಬಿಗಿಹಿಡಿದೇ ಇರಲಿ. ಕೊಕ್ಕೆ ತಪ್ಪಿ ಬ್ಯಾರಲ್ ಪಟ್ಟನೆ ಮುಚ್ಚಿದರೆ ಬೆರಳು ಉಳಿಯುವುದಿಲ್ಲ.

ಐದರಲ್ಲಿ ನಾಲ್ಕು ಮುಗಿದಿವೆ. ಐದನೆಯದಕ್ಕೆ ಹೊಸ ಚರ್ಮ ಹಾಕಿ, ಎರಡು ತೊಟ್ಟು ಬಿಟ್ಟು, ಬಾಗಿಲ ಮೂಲೆಯಲ್ಲಿ ನಿಲ್ಲಿಸಿದ್ದೇನೆ. ಬೆಳಗ್ಗೆ ಚಿಂದಿ ತುಂಬಿದ ಪೆಟ್ಟಿಗೆಗೆ ಹತ್ತು ಗುಂಡು ಹೊಡೆದು, ಹೊಗೆ ನಿಂತ ಮೇಲೆ ಯಜಮಾನರಿಗೆ ಫೋನ್ ಮಾಡಬೇಕು.