ಸೋಲೂ ಇಲ್ಲ, ಆಹ್ವಾನವೂ ಇಲ್ಲ

ಸ್ಯಾನ್ ಫ್ರಾನ್ಸಿಸ್ಕೋದ ನಮ್ಮ ಇತಿಹಾಸದ ಮೇಷ್ಟ್ರು ತೀರಿಕೊಂಡರಂತೆ. ಊರಿನ ಕಾಲೇಜಿನ ಸಂಚಿಕೆಗೆ ಬೇರೇನೋ ಬರೆಯಬೇಕೆಂದಿದ್ದೆ. ಈಗ ಅವರನ್ನು ಬಿಟ್ಟು ಬೇರೆ ಬರೆಯಲು ಮನಸ್ಸು ಬರುತ್ತಿಲ್ಲ.

ಎಂಬತ್ತರ ದಶಕದಲ್ಲಿ ನಾನು ಯೂನಿವರ್ಸಿಟಿ ಆಫ್ ಸ್ಯಾನ್ ಫ್ರಾನ್ಸಿಸ್ಕೋ ಸೇರಿದಾಗ ಅಲ್ಲಿ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್ ತಂಡವೇ ಇರಲಿಲ್ಲ. ಆದರೆ 1951ರಲ್ಲಿ ಅಲ್ಲೇ ಓದುತ್ತಿದ್ದ ಮೇಷ್ಟ್ರು ಯಾವ ಪಾಠ ಎತ್ತಿಕೊಂಡರೂ ಆ ವರ್ಷದ ‘ಡಾನ್ಸ್’ (Dons) ಎಂಬ ಕಾಲೇಜು ತಂಡಕ್ಕೆ ಬಂದು ನಿಲ್ಲುತ್ತಿದ್ದರು. ಕೋಚ್ ಜೋ ಕುಹಾರಿಚ್. ಆಡಿದ್ದು 9 ಪಂದ್ಯ, ಗೆದ್ದದ್ದೂ 9. ಚೆಂಡು ಹಿಡಿದು ಓಲಿ ಮ್ಯಾಟ್ಸನ್ ಓಡಿದ್ದು 1,566 ಗಜ. ಆ ವರ್ಷ ದೇಶದಲ್ಲೇ ಹೆಚ್ಚು. ಕಾಲೇಜಿಗೋ ಸಾಲದ ಹೊರೆ. ಆಯ್ದ ತಂಡಗಳನ್ನಷ್ಟೇ ಕರೆದು ಆಡಿಸುವ, ವರ್ಷದ ಕೊನೆಯ ಬೌಲ್ ಪಂದ್ಯವೊಂದು ಸಿಕ್ಕಿದ್ದರೆ ಕೈಗೆ ಒಂದಿಷ್ಟು ದುಡ್ಡು ಬರುತ್ತಿತ್ತು. ಅಮೆರಿಕದ ದಕ್ಷಿಣದ ಬೌಲ್ ಸಂಘಟಕರಿಂದ ಸೂಚನೆಯೂ ಬಂತು: ಕರಿಯರಾದ ಮ್ಯಾಟ್ಸನ್, ಬರ್ಲ್ ಟೋಲರ್ ಇಬ್ಬರನ್ನೂ ಬಿಟ್ಟು ಬನ್ನಿ. ತಂಡ ಒಪ್ಪಲಿಲ್ಲ. ಆಹ್ವಾನ ತಪ್ಪಿತು, ಆ ಋತು ಮುಗಿದ ಮೇಲೆ ಕಾಲೇಜು ಫುಟ್‌ಬಾಲನ್ನೇ ಕೈಬಿಟ್ಟಿತು. ಇಲ್ಲಿಗೆ ಬರುವಾಗ ಮೇಷ್ಟ್ರ ಗಂಟಲು ಕಟ್ಟುತ್ತಿತ್ತು.

ಒಂದು ಮಧ್ಯಾಹ್ನ ಅವರದೇ ತರಗತಿ ತಪ್ಪಿಸಿ ನಾವು ನಾಲ್ವರು ಕೆಜಾರ್ ಸ್ಟೇಡಿಯಂಗೆ ಹೋದೆವು. ಗೇಟು ಹಾರಿ, ಮ್ಯಾಟ್ಸನ್ ಓಡಿದ ಹುಲ್ಲಿನ ಮೇಲೆ ಮಂಜಿನಲ್ಲಿ ಕೂಗಾಡುತ್ತ ಓಡಿದೆವು. ಎಲ್ಲರಿಗಿಂತ ಮುಂದೆ ನಾನೇ! ಮಾರನೆಯ ದಿನ ಮೇಷ್ಟ್ರಿಗೆ ಸುದ್ದಿ ಮುಟ್ಟಿತ್ತು. ಗದರಲಿಲ್ಲ. “ಓಡಿದಿರಲ್ಲ, ಇನ್ನು ಅವರ ಬಗ್ಗೆ ಬರೆದು ತನ್ನಿ” ಎಂದರು. ನನ್ನ ಪ್ರಬಂಧವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿ, ಅಮೆರಿಕದ ಹುಡುಗರಿಗಿಂತ ಹೆಚ್ಚು ಅಂಕ ಕೊಟ್ಟರು. ಮುಂದೆ ಬಂದ ಯಾವ ಪ್ರಶಸ್ತಿಯೂ ನನಗೆ ಅಷ್ಟು ಖುಷಿ ಕೊಟ್ಟಿಲ್ಲ.

ಆ ವರ್ಷದ ಪಠ್ಯದಲ್ಲಿ ಏನಿತ್ತೋ ಈಗ ನೆನಪಿಲ್ಲ. ಇಂದು ಮೇಷ್ಟ್ರುಗಳ ಕೈಗೆ ಗಂಟೆಗಂಟೆಯ ಪಟ್ಟಿ ಕೊಟ್ಟು ಕೂರಿಸಿದ್ದೇವೆ. ಹೀಗೆ ಪಾಠ ಬಿಟ್ಟು ಹೊರಳುವವರ ಮೇಲೆ ದೂರು ಹೋಗುತ್ತದೆ. ನನ್ನ ಮೊಮ್ಮಕ್ಕಳಿಗೆ ಅಂಥವರು ಸಿಗುತ್ತಿಲ್ಲವಲ್ಲ ಎಂದು ಸಂಕಟವಾಗುತ್ತದೆ.

ಆ ತಂಡದ ಮಾರ್ಕೆಟ್ಟಿ, ಸೇಂಟ್ ಕ್ಲೇರ್, ಮ್ಯಾಟ್ಸನ್ ಮೂವರೂ ವೃತ್ತಿಪರ ಫುಟ್‌ಬಾಲಿನ ಹಾಲ್ ಆಫ್ ಫೇಮ್ (ಶ್ರೇಷ್ಠ ಆಟಗಾರರ ಗೌರವಪಟ್ಟಿ) ಸೇರಿದರು. 1952ರ ಹೆಲ್ಸಿಂಕಿಯಲ್ಲಿ ಮ್ಯಾಟ್ಸನ್ 400 ಮೀಟರ್ ಓಟದ ಕಂಚು ಗೆದ್ದ, ನಮ್ಮ ಕೆ.ಡಿ. ಜಾಧವ್ ಕುಸ್ತಿಯಲ್ಲಿ ಕಂಚು ಗೆದ್ದದ್ದೂ ಅದೇ ಒಲಿಂಪಿಕ್ಸ್‌ನಲ್ಲಿ. ಆದರೆ ಮೇಷ್ಟ್ರಿಗೆ ಎಲ್ಲರಿಗಿಂತ ದೊಡ್ಡವರು ಟೋಲರ್. ಮೊಣಕಾಲಿನ ಪೆಟ್ಟಿನಿಂದ ಆಟ ನಿಂತರೂ ಅವರು ಅದೇ ಊರಿನ ಶಾಲೆಯೊಂದರ ಮುಖ್ಯೋಪಾಧ್ಯಾಯರಾದರು. 1965ರಲ್ಲಿ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ಮೊದಲ ಕರಿಯ ಪಂದ್ಯಾಧಿಕಾರಿಯೂ ಆದರು.

ನಾನಿದ್ದ ಹಾಸ್ಟೆಲ್ಲಿಗೆ ಆಗ ಸೆನೆಟರ್ ಫೀಲನ್ ಹೆಸರಿತ್ತು, ‘ಕ್ಯಾಲಿಫೋರ್ನಿಯಾ ಬಿಳಿಯರದಾಗಿಯೇ ಇರಲಿ’ ಎಂದು ಚುನಾವಣೆಯಲ್ಲಿ ಮತ ಕೇಳಿದವನ ಹೆಸರು. 2017ರಲ್ಲಿ ಅದನ್ನು ತೆಗೆದು ಟೋಲರ್ ಹೆಸರಿಟ್ಟರು. ಸುದ್ದಿ ತಿಳಿಸಿ ಮೇಷ್ಟ್ರೇ ನನಗೆ ಪತ್ರ ಬರೆದರು. ಟೋಲರ್ 2009ರಲ್ಲೇ ತೀರಿಕೊಂಡಿದ್ದರು. ಬದುಕಿದ್ದಾಗಲೇ ಮಾಡಬೇಕಿತ್ತು ಎಂಬ ಸಿಟ್ಟು ಆ ಪತ್ರದ ತುಂಬ ಇತ್ತು.